ತೊಟ್ಟಿಲ ಪಕ್ಕ ನಿಂತ ಮಗು

ಬೆಳಕು ಹರಿಯುವ ಮುನ್ನವೇ ದಡ್ಡಿಯಲ್ಲಿ ಗದ್ದಲ ಶುರುವಾಗುತ್ತದೆ. ರಾತ್ರಿ ಬೇರೆಯಾಗಿ ಕೂಡಿಟ್ಟಿದ್ದ ಮರಿಗಳು ತಾಯಿಯನ್ನು ಕೂಗುತ್ತವೆ. ಕೆಚ್ಚಲು ತುಂಬಿದ ಕುರಿಗಳು ಬೇಲಿಯಾಚೆಯಿಂದ ಓಗೊಡುತ್ತವೆ. ಅದೇ ಹೊತ್ತಿಗೆ ಪಕ್ಕದ ಮನೆಯೊಳಗೆ ಇನ್ನೊಂದು ಕೂಗು ಏಳುತ್ತದೆ. ಅದು ಇಪ್ಪತ್ತು ದಿನದ ಹಸುಗೂಸಿನದು. ಬಾಣಂತಿ ಮಗ್ಗುಲಾಗಿ ಕೂಸನ್ನು ಎದೆಗೆ ಹಚ್ಚಿಕೊಂಡೊಡನೆ ಅಳು ನಿಲ್ಲುತ್ತದೆ. ಆಗ ಮೂರನೆಯ ದನಿಯೊಂದು ಕೇಳುತ್ತದೆ. ಹೊರಸಿನ ಕಾಲು ಹಿಡಿದು ನಿಂತ, ಎರಡು ವರ್ಷ ಎರಡು ತಿಂಗಳು ತುಂಬಿದ ಹುಡುಗಿಯ ದನಿ ಅದು.

“ಅವ್ವಾ, ಕೂಸಿನ್ನ ಕೆಳಗ ಹಾಕ. ನನ್ನ ಎತ್ಕೋ.”

ಅಜ್ಜಿ ನಗುತ್ತ ಆಕೆಯನ್ನು ಬದಿಗೆ ಸರಿಸುತ್ತಾಳೆ. “ಇನ್ನ ನೀ ದೊಡ್ಡಾಕಿ ಆದಿ ನೋಡವಾ. ತಮ್ಮ ಬಂದಾನ.”

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಇಂಥದೊಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹೆಸರು ಯಾವುದಾದರೂ ಇರಲಿ, ಚಿತ್ರ ಮಾತ್ರ ಹಲವು ಮನೆಗಳದು. ನಿನ್ನೆಯವರೆಗೆ ಮನೆಗೆಲ್ಲ ಆಕೆಯೇ ಕೂಸು. ಇಂದು ಬೆಳಗಾಗುವುದರಲ್ಲಿ ‘ದೊಡ್ಡಾಕಿ’. ಆದರೆ ತಮ್ಮ ಹುಟ್ಟಿದ ಮಾತ್ರಕ್ಕೆ ಎರಡು ವರ್ಷದ ದೇಹವಾಗಲಿ, ಎರಡು ವರ್ಷದ ಮಿದುಳಾಗಲಿ ಒಂದೇ ರಾತ್ರಿಯಲ್ಲಿ ದೊಡ್ಡದಾಗುವುದಿಲ್ಲ. ಹೆರಿಗೆಯಾದ ಮನೆಯಲ್ಲಿ ಎಲ್ಲರ ಕಣ್ಣೂ ತೊಟ್ಟಿಲ ಮೇಲೆ. ತೊಟ್ಟಿಲ ಪಕ್ಕ ನಿಂತ ಈ ಮಗುವಿನ ಗತಿಯೇನು?

ದಡ್ಡಿಯ ಸೀಮೆ

ಕುರಿ, ದನಗಳನ್ನು ಕೂಡುವ ಬೇಲಿಯೊಳಗಿನ ಜಾಗಕ್ಕೆ ದಡ್ಡಿ ಎನ್ನುತ್ತಾರೆ. ಹುಕ್ಕೇರಿ ತಾಲ್ಲೂಕಿನಲ್ಲಿ ಆ ಹೆಸರಿನ ಒಂದು ಊರೇ ಇದೆ. ಸಹ್ಯಾದ್ರಿಯಿಂದ ಇಳಿದು ಬರುವ ಘಟಪ್ರಭಾ ನದಿ ಹಿಡಕಲ್ ಜಲಾಶಯದಲ್ಲಿ ನಿಂತು, ಮುಂದೆ ಗೋಕಾಕದಲ್ಲಿ ಜಲಪಾತವಾಗಿ ಧುಮುಕಿ ಪೂರ್ವಕ್ಕೆ ಹರಿಯುವ ಈ ಸೀಮೆಯಲ್ಲಿ ನೀರು ಸಿಕ್ಕ ಕಡೆ ಕಬ್ಬು, ಗೋವಿನಜೋಳ. ಸಿಗದ ಕಡೆ ಜೋಳ ಮತ್ತು ಕುರಿ. ಕುರಿಗಾರರ ಮನೆಗಳಲ್ಲಿ ವರ್ಷದ ಕೆಲವು ತಿಂಗಳು ಗಂಡಸರು ಹಿಂಡಿನೊಂದಿಗೆ ಊರೂರು ಸುತ್ತುತ್ತಾರೆ. ರೈತರ ಹೊಲಗಳಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಕೊಡುತ್ತಾರೆ. ಎಷ್ಟೋ ಸಲ ಇಡೀ ಸಂಸಾರವೇ ಹೊರಡುತ್ತದೆ. ಕುದುರೆಯ ಬೆನ್ನ ಮೇಲೆ ಪಾತ್ರೆ ಪಗಡ, ಕಂಬಳಿ, ಎಳೆಯ ಮರಿ, ಅದರ ಜೊತೆಗೇ ಎಳೆಯ ಮಗು!

ನಮ್ಮ ಚಿತ್ರದ ಮನೆಯಲ್ಲಿ ಅಪ್ಪ ಹಿಂಡಿನ ಹಿಂದೆ ಹೋಗಿದ್ದಾನೆ, ವಾರಕ್ಕೊಮ್ಮೆ ಬಂದು ಹೋಗುತ್ತಾನೆ. ಬಾಣಂತನ ಮಾಡುವ ಅಜ್ಜಿ ಮನೆಯಲ್ಲಿದ್ದಾಳೆ. ಒಂಬತ್ತನೇ ತರಗತಿ ಓದುವ ಅಪ್ಪನ ತಂಗಿಯೂ ಇದ್ದಾಳೆ. ಹುಡುಗಿಗೆ ಆಕೆ ‘ಅತ್ತಿ’. ಒಟ್ಟಿನಲ್ಲಿ ಈ ಪುಟ್ಟ ಹುಡುಗಿ ಒಂದೇ ತಿಂಗಳಲ್ಲಿ ಅವ್ವನ ಮಗ್ಗುಲು ಕಳೆದುಕೊಂಡಿದ್ದಾಳೆ, ಅಪ್ಪನ ಹೆಗಲೂ ದೂರವಾಗಿದೆ.

ಕೂಸಿನ ಗಡಿಯಾರ

ಮೊದಲು ತೊಟ್ಟಿಲೊಳಗಿನ ಅತಿಥಿಯನ್ನು ನೋಡೋಣ. ಹಸುಗೂಸು ದಿನಕ್ಕೆ ಹದಿನಾರು ತಾಸಿನಷ್ಟು ನಿದ್ದೆ ಮಾಡುತ್ತದೆ. ಆದರೂ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ! ಕಾರಣ ಸರಳ. ಹಗಲು ಎಚ್ಚರ, ರಾತ್ರಿ ನಿದ್ದೆ ಎಂಬ ದೇಹದ ಗಡಿಯಾರ ಹುಟ್ಟುವಾಗಲೇ ನಡೆಯುವುದಿಲ್ಲ. ಅದು ಲಯಕ್ಕೆ ಬರಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಕೂಸಿಗೆ ಹೊಟ್ಟೆಯೇ ಗಡಿಯಾರ. ಮೊದಲ ದಿನ ಅದು ಒಂದು ಸಲಕ್ಕೆ ಕುಡಿಯುವುದು ಚಮಚದಷ್ಟು ಹಾಲು. ಸಣ್ಣ ಹೊಟ್ಟೆ ಬೇಗ ಬರಿದಾಗುತ್ತದೆ. ಹೀಗಾಗಿ ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಮೊಲೆಯುಣಿಸಬೇಕಾಗುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಿ ಕೂಸಿನ ತೂಕ ತುಸು ಇಳಿದರೆ ಗಾಬರಿ ಬೇಡ. ಸಾಮಾನ್ಯವಾಗಿ ಎರಡು ವಾರದೊಳಗೆ ಅದು ಹುಟ್ಟಿದಾಗಿನ ತೂಕಕ್ಕೆ ಮರಳಿ, ಮುಂದೆ ದಿನಕ್ಕೆ ಇಪ್ಪತ್ತು ಮೂವತ್ತು ಗ್ರಾಮಿನಂತೆ ಏರುತ್ತದೆ.

ಇಲ್ಲಿ ಕುರಿಗಾರರ ಜ್ಞಾನವೊಂದನ್ನು ನೆನೆಯಬೇಕು. ಮರಿ ಹುಟ್ಟಿದ ಕೂಡಲೇ ಅದಕ್ಕೆ ತಾಯಿಯ ಗಿಣ್ಣದ ಹಾಲು ಕುಡಿಸದ ಕುರಿಗಾರನಿಲ್ಲ. ಕುರಿಯ ಹೊಟ್ಟೆಯಲ್ಲಿರುವಾಗ ರೋಗ ತಡೆಯುವ ಪ್ರತಿಕಾಯಗಳು ತಾಯಿಯಿಂದ ಮರಿಗೆ ದಾಟುವುದಿಲ್ಲ. ಹುಟ್ಟಿದ ಮೇಲೆ ಮೊದಲ ಒಂದು ದಿನದ ಒಳಗೆ ಗಿಣ್ಣದ ಹಾಲಿನಿಂದಲೇ ಅವು ಮರಿಯ ರಕ್ತ ಸೇರಬೇಕು. ಮನುಷ್ಯರ ಕೂಸಿಗೆ ಕೆಲವು ಪ್ರತಿಕಾಯಗಳು ಮಾಸದ ಮೂಲಕ ಮೊದಲೇ ಬಂದಿರುತ್ತವೆ. ಕರುಳಿನ ಒಳಗೋಡೆಗೆ ಕಾವಲು ನಿಲ್ಲುವ ಪ್ರತಿಕಾಯಗಳು ಮಾತ್ರ ತಾಯಿಯ ಮೊದಲ ಹಳದಿ ಹಾಲಿನಲ್ಲಿವೆ. ದಡ್ಡಿಯಲ್ಲಿ ಗಿಣ್ಣದ ಬೆಲೆ ಬಲ್ಲ ಮನೆಗಳಲ್ಲೇ ಕೆಲವೊಮ್ಮೆ ತಾಯಿಯ ಈ ಹಾಲನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಬೆಲ್ಲದ ನೀರನ್ನೋ ಜೇನನ್ನೋ ಬಿಡುವುದುಂಟು. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಲ್ಲವು. ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಕಿಲ್ಲ.

ಬಾಣಂತಿಯ ತಾಟು

ಹಾಲು ಇಳಿದ ಮೇಲೆ ತಾಯಿಯ ಎದೆಯಲ್ಲಿ ದಿನಕ್ಕೆ ಸುಮಾರು ಮುಕ್ಕಾಲು ಲೀಟರ್ ಹಾಲು ತಯಾರಾಗುತ್ತದೆ. ಅದು ಪುಕ್ಕಟೆ ಬರುವುದಲ್ಲ. ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ 600 ಕ್ಯಾಲರಿ ಹೆಚ್ಚಿಗೆ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಸೀಮೆಯ ಹಿರಿಯರು ಈ ಲೆಕ್ಕವನ್ನು ಕ್ಯಾಲರಿಯಲ್ಲಲ್ಲದಿದ್ದರೂ ಉಂಡೆಗಳಲ್ಲಿ ಮಾಡಿದ್ದರು. ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪ ಸೇರಿದ ಅಂಟಿನ ಉಂಡಿ, ಅಳವಿ ಪಾಯಸ ಬಾಣಂತಿಯ ಕೋಣೆಯ ಖಾಯಂ ತಿನಿಸುಗಳು. ನಾಡಿಗೆಲ್ಲ ಹೆಸರಾದ ಗೋಕಾಕದ ಕರದಂಟು ಇದೇ ಕುಟುಂಬಕ್ಕೆ ಸೇರಿದ್ದು. ಕರಿದ ಅಂಟೇ ಅದರ ಹೆಸರಿನಲ್ಲಿ ಉಳಿದಿದೆ.

ಇವು ಒಳ್ಳೆಯವೇ. ಆದರೆ ಉಂಡಿಯ ಜೊತೆ ಬೇಳೆ, ಸೊಪ್ಪು, ತತ್ತಿ, ಹಾಲೂ ಬೇಕು. ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ ಸಲ್ಲ. ಹಾಲಿನಲ್ಲಿ ಬಹುಪಾಲು ನೀರೇ ಅಲ್ಲವೇ? ಕದ ಕಿಟಕಿ ಮುಚ್ಚಿ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಡುವುದಂತೂ ಅಪಾಯ. ಹೊಗೆ ಕಾಣದಿದ್ದರೂ ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ಕೂಸನ್ನು ಬೆಚ್ಚಗಿಡಲು ತಾಯಿಯ ಎದೆಗಿಂತ ಒಳ್ಳೆಯ ಒಲೆಯಿಲ್ಲ. ಕುಲಾಯಿ, ಕುಂಚಿಗೆಗಳು ಉಳಿದದ್ದನ್ನು ನೋಡಿಕೊಳ್ಳುತ್ತವೆ.

ಇದೆಲ್ಲ ಸಾಧ್ಯವಾಗುವುದು ತಾಯಿ ಹೆರಿಗೆಯಿಂದ ಸುಖವಾಗಿ ಮನೆಗೆ ಬಂದರೆ. ಮನೆಯಲ್ಲಿರುವ ಮೊದಲ ಮಗುವಿಗೆ ಅದಕ್ಕಿಂತ ದೊಡ್ಡ ಭಾಗ್ಯವಿಲ್ಲ. ಹೆರಿಗೆಯ ನಂತರದ ರಕ್ತಸ್ರಾವ ತಾಯಂದಿರ ಸಾವಿಗೆ ದೊಡ್ಡ ಕಾರಣಗಳಲ್ಲೊಂದು. ಈ ವಿಷಯದಲ್ಲಿ ಬೆಳಗಾವಿ ಜಿಲ್ಲೆಯ ಹಳ್ಳಿಯ ತಾಯಂದಿರು ಜಗತ್ತಿಗೇ ಒಂದು ಪಾಠ ಕೊಟ್ಟಿದ್ದಾರೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಡನೆ ಸೇರಿ, ಜಿಲ್ಲೆಯ ಹಳ್ಳಿಗಳ 1620 ತಾಯಂದಿರಲ್ಲಿ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ಪರೀಕ್ಷಿಸಿದರು. ಹೆರಿಗೆ ಮಾಡಿಸಿ ಮಾತ್ರೆ ಕೊಟ್ಟವರು ಹಳ್ಳಿಯ ದಾದಿಯರೇ. ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಸಿ ಮಾತ್ರೆ ಪಡೆದವರಲ್ಲಿ ಶೇ 12ರಷ್ಟು ಮಂದಿಗೆ ಹೆಚ್ಚಿನ ರಕ್ತಸ್ರಾವವಾಗಿದ್ದರೆ, ನಿಜವಾದ ಮಾತ್ರೆ ಪಡೆದವರಲ್ಲಿ ಅದು ಶೇ 6.4ಕ್ಕೆ ಇಳಿದಿತ್ತು. ಹೆರಿಗೆಯ ರಕ್ತಸ್ರಾವ ತಡೆಯಲೆಂದು 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಹಳದಿ ಪಟ್ಟಿ

ನಮ್ಮ ಚಿತ್ರದ ಮನೆಗೆ ಒಂದು ದಿನ ಅಂಗನವಾಡಿ ಬಾಯಾರು ಬರುತ್ತಾರೆ. ಕೂಸಿನ ತೂಕ, ತಾಯಿ ಕಾರ್ಡ್ ನೋಡಿ ಮುಗಿಸಿ ಏಳುವಾಗ ಅವರ ಕಣ್ಣು ಮೂಲೆಯಲ್ಲಿ ಕುಳಿತು ಗೋಡೆಯ ಮಣ್ಣು ಕೆರೆಯುತ್ತಿದ್ದ ಹುಡುಗಿಯ ಮೇಲೆ ಬೀಳುತ್ತದೆ. ಚೀಲದಿಂದ ಬಣ್ಣದ ಪಟ್ಟಿಯೊಂದನ್ನು ತೆಗೆದು ಆಕೆಯ ಎಡ ತೋಳಿಗೆ, ಭುಜ ಮೊಣಕೈಗಳ ನಡುಮಧ್ಯಕ್ಕೆ ಸುತ್ತುತ್ತಾರೆ. ಅತ್ತಿ ಬಗ್ಗಿ ಓದುತ್ತಾಳೆ: 12.2 ಸೆಂಟಿಮೀಟರ್, ಹಳದಿ.

“ಆಯಿ, ಈಕಿ ಏನ ಉಣ್ತಾಳ್ರಿ?”

“ಉಣ್ತಾಳ ಬಿಡ್ರಿ ಬಾಯಾರ. ರೊಟ್ಟಿ ಚೂರ ಹಿಡಕೊಂಡ ಮನಿ ತುಂಬ ತಿರಗತಾಳ.”

“ಎಷ್ಟ ಉಣ್ತಾಳ ಅಂತ ಯಾರರ ನೋಡೀರೇನು?”

ಯಾರೂ ನೋಡಿರಲಿಲ್ಲ. ಮನೆಯವರಿಗೆ ಪ್ರೀತಿ ಇಲ್ಲದೆ ಹೀಗಾಯಿತೇ? ಖಂಡಿತ ಅಲ್ಲ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ಈ ಪಟ್ಟಿಯ ಲೆಕ್ಕ ಒಂದೇ. 12.5 ಸೆಂಟಿಮೀಟರ್ ಮತ್ತು ಅದಕ್ಕಿಂತ ಮೇಲಿದ್ದರೆ ಹಸಿರು, 11.5ರಿಂದ 12.5ರೊಳಗೆ ಹಳದಿ, ಅಂದರೆ ಮಧ್ಯಮ ಅಪೌಷ್ಟಿಕತೆ, 11.5ಕ್ಕಿಂತ ಕಡಿಮೆಯಾದರೆ ಕೆಂಪು, ತಡಮಾಡದೆ ಆಸ್ಪತ್ರೆಗೆ. ವಯಸ್ಸು ಬೇರೆ ಬೇರೆಯಾದರೂ ಅಳತೆ ಒಂದೇ ಏಕೆ? ಒಂದರಿಂದ ಐದನೇ ವರ್ಷದವರೆಗೆ ಆರೋಗ್ಯವಂತ ಮಗುವಿನ ತೋಳಿನ ಕೊಬ್ಬು ಕರಗುತ್ತ ಸ್ನಾಯು ಬೆಳೆಯುವುದರಿಂದ ಸುತ್ತಳತೆ ಹೆಚ್ಚು ಬದಲಾಗುವುದಿಲ್ಲ. ಪ್ರೌಢಶಾಲೆಯ ವಿದ್ಯಾರ್ಥಿಗಳು ತಮ್ಮ ಮನೆಯ ಚಿಕ್ಕವರಿಗೆ ಇದನ್ನು ತಾವೇ ಮಾಡಿ ನೋಡಬಹುದು. ಗಟ್ಟಿ ಕಾಗದದ ಪಟ್ಟಿ, ಅಳತೆಪಟ್ಟಿ, ಪೆನ್ನು ಇಷ್ಟೇ ಬೇಕು. ಹಿಗ್ಗುವ ರಿಬ್ಬನ್ ಬೇಡ. ಚರ್ಮ ಒತ್ತುವಂತೆ ಬಿಗಿಯಲೂಬಾರದು. ಅಳತೆ ಕಡಿಮೆ ಬಂದರೆ ಅಂಗನವಾಡಿಯಲ್ಲಿ ಮತ್ತೊಮ್ಮೆ ಅಳೆಸಬೇಕು.

ಹುಡುಗಿ ತೆಳ್ಳಗಾದದ್ದು ತಮ್ಮ ಹುಟ್ಟಿದ ಈ ಇಪ್ಪತ್ತು ದಿನದಲ್ಲಿ ಮಾತ್ರವಲ್ಲ. ಕತೆ ತಿಂಗಳುಗಳ ಹಿಂದೆಯೇ ಶುರುವಾಗಿತ್ತು. ತಾಯಿ ಮತ್ತೆ ಬಸಿರಾದಾಗ ಮಗಳಿಗೆ ಒಂದೂಕಾಲು ವರ್ಷ ದಾಟಿತ್ತಷ್ಟೆ. ಬಸಿರಾಕೆಯ ಹಾಲು ಮಗುವಿಗೆ ಆಗದು ಎಂಬ ನಂಬಿಕೆಯಿಂದ ಬೇವಿನ ರಸ ಹಚ್ಚಿ ಮೊಲೆ ಬಿಡಿಸಿದರು. ಹಾಲು ಹೋದ ಜಾಗಕ್ಕೆ ಬಂದದ್ದು ರೊಟ್ಟಿಯ ಚೂರು ಮತ್ತು ತೆಳ್ಳನೆಯ ಅಂಬಲಿ. ವಾಸ್ತವವಾಗಿ ಬಸಿರಿನಲ್ಲಿ ಹಾಲು ಕಡಿಮೆಯಾಗಬಹುದು, ರುಚಿ ಬದಲಾಗಬಹುದು, ಅದು ವಿಷವಾಗುವುದಿಲ್ಲ. ತಾಯಿ ಆರೋಗ್ಯವಾಗಿದ್ದು ಚೆನ್ನಾಗಿ ಉಣ್ಣುತ್ತಿದ್ದರೆ, ವೈದ್ಯರನ್ನು ಕೇಳಿಕೊಂಡು ಮುಂದುವರಿಸಬಹುದು.

ಅಕ್ರಾದ ವೈದ್ಯೆ ಕೇಳಿದ ಪದ

ಈ ತೊಂದರೆ ದಡ್ಡಿಯದಷ್ಟೇ ಅಲ್ಲ. 1893ರಲ್ಲಿ ಜಮೈಕಾದಲ್ಲಿ ಹುಟ್ಟಿದ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ, ಇಂದು ಘಾನಾ ಎನಿಸಿಕೊಂಡಿರುವ ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟ್‌ನಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಕಾಲು, ಮುಖ ಬಾತು, ಚರ್ಮ ಸುಲಿದು, ಕೂದಲು ಕೆಂಚಾಗಿ, ಆಡುವುದನ್ನೇ ಮರೆತ ಮಕ್ಕಳನ್ನು ಕಂಡರು. ಹೆಚ್ಚಿನವರು ಒಂದರಿಂದ ನಾಲ್ಕು ವರ್ಷದವರು. ಎದೆಹಾಲು ಬಿಟ್ಟ ಮೇಲೆ ಅವರಿಗೆ ಸಿಗುತ್ತಿದ್ದುದು ಗೋವಿನಜೋಳದ ಗಂಜಿ ಮಾತ್ರ.

ವಿಲಿಯಮ್ಸ್ ಒಂದು ಒಳ್ಳೆಯ ಕೆಲಸ ಮಾಡಿದರು. ಈ ರೋಗಕ್ಕೆ ನೀವೇನು ಹೇಳುತ್ತೀರಿ ಎಂದು ಊರಿನವರನ್ನೇ ಕೇಳಿದರು. ಅಲ್ಲಿಯ ಗಾ ಭಾಷೆಯಲ್ಲಿ ಅದಕ್ಕೊಂದು ಹೆಸರಿತ್ತು: ಕ್ವಾಷಿಯೋರ್ಕರ್. ಮುಂದಿನ ಕೂಸು ಹುಟ್ಟಿದಾಗ ತನ್ನ ಜಾಗ ಕಳೆದುಕೊಂಡ ಮಗುವಿಗೆ ಬರುವ ಕಾಯಿಲೆ ಎಂಬುದು ಅದರ ಅರ್ಥ. 1933ರಲ್ಲಿ ಅವರು ಈ ರೋಗದ ವಿವರ ಪ್ರಕಟಿಸಿದರು. 1935ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬರೆದಾಗ ಆ ಊರ ಪದವನ್ನೇ ತಲೆಬರಹದಲ್ಲಿಟ್ಟರು. ಇಂದು ಜಗತ್ತಿನ ಯಾವ ವೈದ್ಯಕೀಯ ಪುಸ್ತಕ ತೆರೆದರೂ ಆ ಹೆಸರಿದೆ. ರೋಗಕ್ಕೆ ಕಾರಣ ಪ್ರೋಟೀನ್ ಕೊರತೆ ಒಂದೇ ಎಂದು ಮೊದಲು ತಿಳಿದಿದ್ದರು. ಸೋಂಕು, ಇತರ ಪೋಷಕಾಂಶಗಳ ಕೊರತೆ ಮುಂತಾದ ಹಲವು ಎಳೆಗಳು ಅದರಲ್ಲಿ ಕೂಡಿವೆ ಎಂಬುದು ಈಗಿನ ತಿಳಿವಳಿಕೆ. ಆದರೂ ಘಾನಾದ ತಾಯಂದಿರು ಕಂಡುಕೊಂಡ ಮೂಲ ಸತ್ಯ ಸುಳ್ಳಾಗಿಲ್ಲ: ಹೊಸ ಕೂಸು ಬಂದ ಮನೆಯಲ್ಲಿ ಹಳೆಯ ಕೂಸನ್ನು ಕಾಯಬೇಕು.

ಅಂಥ ತೀವ್ರ ರೋಗ ನಮ್ಮಲ್ಲಿ ಹಿಂದಿನಷ್ಟು ಕಾಣದಿರಬಹುದು. ಆದರೆ ಸದ್ದಿಲ್ಲದೆ ಸೊರಗುವ ಮಕ್ಕಳಿದ್ದಾರೆ. 2019-20ರಲ್ಲಿ ಕರ್ನಾಟಕದಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ 19.5 ಮಂದಿ ಎತ್ತರಕ್ಕೆ ತಕ್ಕ ತೂಕವಿಲ್ಲದವರು.

ರೊಟ್ಟಿಯ ಚೂರು ಸಾಲದು

ಎರಡು ವರ್ಷದ ಮಗುವಿಗೆ ದಿನಕ್ಕೆ ಸುಮಾರು ಸಾವಿರ ಕ್ಯಾಲರಿ ಬೇಕು. ಅಂದರೆ ಹಗುರ ಕೆಲಸದ ಹೆಂಗಸಿಗೆ ಬೇಕಾದುದರ ಅರ್ಧಕ್ಕೂ ಹೆಚ್ಚು! ಆದರೆ ಹೊಟ್ಟೆ ಸಣ್ಣದು. ಆದ್ದರಿಂದ ದೊಡ್ಡವರಂತೆ ಎರಡು ಹೊತ್ತಿನ ಊಟ ಸಾಲದು. ಮೂರು ಊಟ, ನಡುವೆ ಎರಡು ಸಲ ಏನಾದರೂ ತಿನಿಸು ಬೇಕು. ತೆಳ್ಳನೆಯ ಅಂಬಲಿ ಹೊಟ್ಟೆ ತುಂಬಿಸುತ್ತದೆ, ಶಕ್ತಿ ತುಂಬಿಸದು.

ಜೋಳದಲ್ಲಿ ಪ್ರೋಟೀನ್ ಇಲ್ಲವೆಂದಲ್ಲ. ನೂರು ಗ್ರಾಮಿಗೆ ಸುಮಾರು ಹತ್ತು ಗ್ರಾಂ ಇದೆ. ಆದರೆ ಪ್ರೋಟೀನ್ ಎಂಬುದು ಹಲವು ಅಮೈನೋ ಆಮ್ಲಗಳ ಮಣಿಸರ. ಜೋಳದಲ್ಲಿ ಲೈಸೀನ್ ಎಂಬ ಮಣಿ ಕಡಿಮೆ. ಒಂದು ಮಣಿ ಕಡಿಮೆ ಬಿದ್ದರೆ ಉಳಿದವು ಇದ್ದೂ ಸರ ಪೂರ್ತಿಯಾಗದು. ಬೇಳೆಕಾಳುಗಳಲ್ಲಿ ಲೈಸೀನ್ ಧಾರಾಳ. ರೊಟ್ಟಿಯೊಡನೆ ಬೇಳೆ, ಕಾಳಿನ ಪಲ್ಯ ಉಣ್ಣುವ ನಮ್ಮ ಹಿರಿಯರ ರೂಢಿಯ ಹಿಂದೆ ಈ ರಸಾಯನಶಾಸ್ತ್ರ ಅಡಗಿದೆ. ತೊಂದರೆಯೆಂದರೆ ದೊಡ್ಡವರ ಪಲ್ಯ ಖಾರ. ಮಗು ಅದನ್ನು ಬಿಟ್ಟು ಬರೀ ರೊಟ್ಟಿ ತಿನ್ನುತ್ತದೆ.

ಪರಿಹಾರಕ್ಕೆ ಡಬ್ಬಿಯ ಪುಡಿ ಬೇಕಿಲ್ಲ. ಬಿಸಿ ರೊಟ್ಟಿಯನ್ನು ಖಾರ ಹಾಕದ ಬೇಳೆಯಲ್ಲಿ ಕಿವುಚಿ ಒಂದು ಚಮಚ ತುಪ್ಪವನ್ನೋ ಎಣ್ಣೆಯನ್ನೋ ಬೆರೆಸಬೇಕು. ಅಕ್ಕಿ, ಹೆಸರುಬೇಳೆಯ ಮೆತ್ತನೆ ಖಿಚಡಿ, ಮೊಸರು, ತತ್ತಿ, ಬಾಳೆಹಣ್ಣು, ಹುರಿದು ನುಣ್ಣಗೆ ಪುಡಿ ಮಾಡಿದ ಶೇಂಗಾ ಬೆಲ್ಲ, ಹೀಗೆ ಮನೆಯಲ್ಲಿರುವುದೇ ಸಾಕು. ಬಾಣಂತಿಯ ಉಂಡಿಯಲ್ಲಿ ಒಂದು ತುಣುಕು ದೊಡ್ಡ ಮಗುವಿಗೂ ಸಲ್ಲಬೇಕು. ಆದರೆ ಕುಟ್ಟಿ ಪುಡಿ ಮಾಡಿ. ಇಡೀ ಬಾದಾಮಿ, ಗೋಡಂಬಿ, ಶೇಂಗಾ ಕಾಳು ಶ್ವಾಸನಾಳಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಎಲ್ಲಕ್ಕಿಂತ ಮುಖ್ಯವಾಗಿ ಮಗುವಿಗೆ ಅದರದೇ ತಾಟು ಬೇಕು. ದೊಡ್ಡವರ ಗಂಗಾಳದಲ್ಲಿ ಕೈ ಹಾಕಿ ಉಂಡರೆ ಎಷ್ಟು ಉಂಡಿತೆಂದು ಯಾರಿಗೂ ತಿಳಿಯುವುದಿಲ್ಲ.

ಅಂಗನವಾಡಿಯನ್ನೂ ಮರೆಯಬಾರದು. ದೇಶದಲ್ಲಿ ಈ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಅಲ್ಲಿಂದ ಪೌಷ್ಟಿಕ ಆಹಾರ ಮನೆಗೆ ಕೊಡುತ್ತಾರೆ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಜಾರಿಯಾದ ಮಾತೃಪೂರ್ಣ ಯೋಜನೆ ಬಸುರಿ, ಬಾಣಂತಿಯರಿಗೆ ಬಿಸಿಯೂಟ ಒದಗಿಸಲೆಂದು ಬಂದದ್ದು. ಮಗುವಿನ ಪಾಲೆಂದು ಬಂದ ಪೊಟ್ಟಣ ಮನೆಮಂದಿಯ ಪಾಲಾಗದಂತೆ ನೋಡಿಕೊಂಡರೆ ಅರ್ಧ ಕೆಲಸ ಆದಂತೆ.

ಇನ್ನೊಂದು ಮರೆವು ಲಸಿಕೆಯದು. ಕೂಸಿಗೆ ಹುಟ್ಟಿದೊಡನೆ ಬಿಸಿಜಿ, ಪೋಲಿಯೊ, ಹೆಪಟೈಟಿಸ್-ಬಿ. ಆರು, ಹತ್ತು, ಹದಿನಾಲ್ಕನೇ ವಾರದ ಲಸಿಕೆಗಳು. ಇವನ್ನು ಎಲ್ಲರೂ ನೆನೆಯುತ್ತಾರೆ. ಆದರೆ ದೊಡ್ಡ ಮಗುವಿಗೆ 16ರಿಂದ 24 ತಿಂಗಳ ನಡುವೆ ದಡಾರ-ರುಬೆಲ್ಲಾದ ಎರಡನೇ ಡೋಸು, ಡಿಪಿಟಿ ಮತ್ತು ಪೋಲಿಯೊದ ಬೂಸ್ಟರ್ ಬರುತ್ತವೆ. ಸರಿಯಾಗಿ ತಾಯಿ ತುಂಬು ಬಸುರಿಯಾಗಿರುವ ಹೊತ್ತಿಗೆ! ಕಾರ್ಡಿನಲ್ಲಿ ಆ ಸಾಲು ಖಾಲಿ ಇದ್ದರೆ ವಯಸ್ಸು ಮೀರಿತೆಂದು ಸುಮ್ಮನಾಗಬೇಡಿ. ಆರೋಗ್ಯ ಕೇಂದ್ರದಲ್ಲಿ ಕೇಳಿದರೆ ಬಿಟ್ಟುಹೋದದ್ದನ್ನು ಕೊಡುತ್ತಾರೆ.

ಹಟದ ಹಿಂದೆ

ಹೊಟ್ಟೆಯ ಲೆಕ್ಕ ಇಷ್ಟಾಯಿತು. ಮನಸ್ಸಿನದು? ಬಟ್ಟಲಲ್ಲಿ ಹಾಲು ಕುಡಿಯುತ್ತಿದ್ದ ಹುಡುಗಿ ತನ್ನನ್ನೂ ಮೊಲೆಗೆ ಹಾಕಿಕೋ ಎನ್ನುತ್ತಾಳೆ. ಹೊರಗೆ ಹೋಗಿ ಬರಲು ಕಲಿತವಳು ಮತ್ತೆ ಚಡ್ಡಿ ತೋಯಿಸಿಕೊಳ್ಳುತ್ತಾಳೆ. ನೋಡುವವರಿಲ್ಲದಾಗ ಕೂಸಿನ ಕಾಲು ಚಿವುಟುತ್ತಾಳೆ. “ಹೊಟ್ಟೆಕಿಚ್ಚು ನೋಡ ಇದಕ್ಕ” ಎಂದು ಒಬ್ಬರು ಗದರುತ್ತಾರೆ, ಇನ್ನೊಬ್ಬರು ಬೆನ್ನಿಗೆ ಒಂದು ಕೊಡುತ್ತಾರೆ.

ಹುಟ್ಟುವಾಗ ಸುಮಾರು 350 ಗ್ರಾಂ ಇರುವ ಮಿದುಳು ಎರಡು ವರ್ಷಕ್ಕೆ ಸಾವಿರ ಗ್ರಾಮಿನ ಹತ್ತಿರ ಬರುತ್ತದೆ. ಗಾತ್ರ ಬಂದರೂ ಹದ ಬಂದಿರುವುದಿಲ್ಲ. ಆಸೆ, ಸಿಟ್ಟುಗಳನ್ನು ಹಿಡಿದು ನಿಲ್ಲಿಸುವ, ಹಣೆಯ ಹಿಂದಿರುವ ಮಿದುಳಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ! ಇನ್ನು ಎರಡು ವರ್ಷದ ಮಗುವಿಗೆ ‘ಅವ್ವ ನನ್ನವಳಾಗಿಯೇ ಇದ್ದಾಳೋ ಇಲ್ಲವೋ’ ಎಂದು ಕೇಳುವಷ್ಟು ಮಾತು ಎಲ್ಲಿಂದ ಬರಬೇಕು? ಅದು ಚಡ್ಡಿ ತೋಯಿಸಿ ಕೇಳುತ್ತದೆ, ಚಿವುಟಿ ಕೇಳುತ್ತದೆ. ಹೊಡೆತ ಬಿದ್ದರೆ ಅದರ ಭಯ ಖಾತ್ರಿಯಾದಂತೆ.

ಕೂಸು ಮಲಗಿದ ಹೊತ್ತಿನಲ್ಲಿ ಹತ್ತು ನಿಮಿಷ ದೊಡ್ಡ ಮಗುವೊಂದನ್ನೇ ಮಡಿಲಲ್ಲಿ ಕೂಡ್ರಿಸಿಕೊಳ್ಳುವುದು ದುಬಾರಿಯ ಔಷಧವಲ್ಲ. ತೊಟ್ಟಿಲಿಗೆ ಹಾಕುವ ದಿನ ಬಂಧುಗಳು ಕೂಸಿಗೆ ಕುಲಾಯಿ ತರುವಾಗ ದೊಡ್ಡದಕ್ಕೂ ಗೋಕಾಕದ ಬಣ್ಣದ ಕಟ್ಟಿಗೆ ಗೊಂಬೆಯೊಂದನ್ನು ತಂದರೆ ಆಕೆಗೂ ಅದು ಹಬ್ಬ. “ಕೂಸಿನ ಬಟ್ಟಿ ತಗೊಂಡ ಬಾ” ಎಂದು ಸಣ್ಣ ಕೆಲಸ ಕೊಟ್ಟರೆ ಆಕೆ ಓಡಿ ತರುತ್ತಾಳೆ. ಒಂದು ಎಚ್ಚರ ಮಾತ್ರ ಬೇಕು. ಎಷ್ಟೇ ಜಾಣೆಯಾದರೂ ಎರಡು ವರ್ಷದವಳ ಹತ್ತಿರ ಹಸುಗೂಸನ್ನು ಒಂಟಿಯಾಗಿ ಬಿಡಕೂಡದು. ತಾನು ತಿನ್ನುವ ಶೇಂಗಾವನ್ನು ಪ್ರೀತಿಯಿಂದಲೇ ಕೂಸಿನ ಬಾಯಿಗೂ ಇಟ್ಟುಬಿಡುತ್ತಾಳೆ!

ಇಲ್ಲಿ ಇನ್ನೊಂದು ಮಾತನ್ನು ನೇರವಾಗಿ ಹೇಳಬೇಕು. ದೊಡ್ಡದು ಹೆಣ್ಣಾಗಿ ಕೂಸು ಗಂಡಾದರೆ ತಾಟಿನ ಮೊಸರು, ತತ್ತಿ ಯಾವ ಕಡೆಗೆ ಸರಿಯುತ್ತವೆ ಎಂಬುದನ್ನು ಪ್ರತಿ ಮನೆಯೂ ತನ್ನನ್ನು ತಾನೇ ಕೇಳಿಕೊಳ್ಳಬೇಕು. ತೋಳಿನ ಪಟ್ಟಿಗೆ ಗಂಡು ಹೆಣ್ಣೆಂಬ ಭೇದವಿಲ್ಲ.

ಎರಡು ಕೂಸುಗಳ ನಡುವೆ

ಕುರಿಯ ಬಸಿರು ಸುಮಾರು ಐದು ತಿಂಗಳದು. ಮರಿ ಹಾಕಿದ ಮೊದಲ ಒಂದೆರಡು ತಾಸಿನಲ್ಲಿ ತಾಯಿ ಅದರ ವಾಸನೆ ಹಿಡಿಯುತ್ತದೆ. ಆಮೇಲೆ ಬೇರೆ ಮರಿ ಬಂದರೆ ಹಾಯುತ್ತದೆ. ಮನುಷ್ಯರ ತಾಯಿ ಹಾಗಲ್ಲ. ಆಕೆ ಇಬ್ಬರನ್ನೂ ಅಪ್ಪಿಕೊಳ್ಳಬಲ್ಲಳು. ಬೇಕಿದ್ದರೆ ಇಬ್ಬರಿಗೂ ಹಾಲೂಡಬಲ್ಲಳು; ಮೊದಲು ಹಸುಗೂಸಿಗೆ, ಆಮೇಲೆ ದೊಡ್ಡದಕ್ಕೆ. ಆದರೆ ಅದಕ್ಕೆ ಆಕೆಯ ಮೈಯಲ್ಲಿ ಕಸುವಿರಬೇಕು. ಒಂದು ಹೆರಿಗೆಯಾದ ಮೇಲೆ ಕನಿಷ್ಠ 24 ತಿಂಗಳು ಕಳೆದು ಮುಂದಿನ ಬಸಿರಿನ ಯೋಚನೆ ಮಾಡುವುದು ಒಳಿತೆಂದು ವಿಶ್ವ ಆರೋಗ್ಯ ಸಂಸ್ಥೆ ಕರೆದಿದ್ದ ತಜ್ಞರ ಸಭೆ 2005ರಲ್ಲಿ ಸಲಹೆ ಮಾಡಿತು. ಹಾಗಾದರೆ ಇಬ್ಬರು ಮಕ್ಕಳ ನಡುವೆ ಎರಡೂಮುಕ್ಕಾಲು ವರ್ಷ ಅಂತರ ಬೀಳುತ್ತದೆ. ತಾಯಿಯ ರಕ್ತದ ಕಬ್ಬಿಣಾಂಶ ತುಂಬಿಕೊಳ್ಳಲು, ಮೊದಲ ಮಗು ಎರಡು ವರ್ಷ ಪೂರ್ತಿ ಎದೆಹಾಲು ಕುಡಿದು ಊಟ ಕಲಿಯಲು ಆಗ ಸಮಯ ಸಿಗುತ್ತದೆ. ಅಂತರ ಕಾಯಲು ಬೇಕಾದ ಸಾಧನಗಳು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಅದು ಹೆಂಗಸರ ತಲೆನೋವೆಂದು ಗಂಡಸರು ಕೈ ಕೊಡವಬಾರದು.

ನಮ್ಮ ಚಿತ್ರದ ಮನೆಯಲ್ಲಿ ಆ ಅಂತರ ಸಿಕ್ಕಿಲ್ಲ. ಅದಕ್ಕೀಗ ಯಾರನ್ನು ಬೈದೂ ಪ್ರಯೋಜನವಿಲ್ಲ. ಉಳಿದದ್ದು ತಾಟು, ಮಡಿಲು, ಮತ್ತು ವಾರ ವಾರ ಅಳೆಯುವ ಪಟ್ಟಿ. ಅತ್ತಿ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು ‘12.2’ ಎಂದು ಬರೆದು, ಕೆಳಗೆ ಮುಂದಿನ ವಾರಗಳಿಗೆ ಖಾಲಿ ಜಾಗ ಬಿಟ್ಟಿದ್ದಾಳೆ.

ಸಂಜೆ ಅಪ್ಪ ಬಂದಿದ್ದಾನೆ. ದಡ್ಡಿಯಲ್ಲಿ ಮರಿ ಬಿಡುವ ಹೊತ್ತು. ಅವಳಿ ಹಾಕಿದ ಕುರಿಯೊಂದರ ಕೆಚ್ಚಲಿಗೆ ಬಲಿತ ಮರಿ ಮುನ್ನುಗ್ಗಿದೆ. ಸೋತ ಮರಿ ದೂರ ನಿಂತಿದೆ. ಅಜ್ಜಿ ಯಾರೂ ಹೇಳದೆಯೇ ಹೋಗಿ ಬಲಿತದ್ದನ್ನು ಒಂದು ಕೈಯಲ್ಲಿ ತಡೆದು, ಸೋತದ್ದರ ಬಾಯಿಗೆ ಮೊಲೆ ಹಿಡಿಯುತ್ತಾಳೆ. ಜೀವಮಾನವಿಡೀ ಮಾಡಿದ ಕೆಲಸ ಅದು. ಮಗಳನ್ನು ಹೆಗಲೇರಿಸಿ ನಿಂತ ಅಪ್ಪ ನೋಡುತ್ತಿದ್ದಾನೆ. ಅಜ್ಜಿ ಕೈ ತೊಳೆದು ಒಳಗೆ ಬರುತ್ತಾಳೆ, ಒಲೆಯ ಮೇಲಿನ ಬೇಳೆಗೆ ಖಾರ ಹಾಕುವ ಮೊದಲು ಒಂದು ಸೌಟು ಬೇರೆ ತೆಗೆದಿಡುತ್ತಾಳೆ.

“ಇಳಸ ಆಕಿನ್ನ” ಎನ್ನುತ್ತಾಳೆ ಮಗನಿಗೆ. “ಮೊದಲ ಈಕಿದ ಊಟ ಆಗ್ಲಿ.”